ಪೀಠಕ್ಕೆ ಹಚ್ಚಿದ ಚಿನ್ನದ ರೇಕು

ಆಚಾನ್ ವಿಚಿಯೆನ್ ಮಾತಿಗೆ ಕೂತರೆ ನನ್ನ ವ್ಯಾನಿನ ಗಾಜು ಒಳಗಡೆಯಿಂದ ಮಂಜು ಕಟ್ಟುತ್ತದೆ. ಸುಳ್ಳಲ್ಲ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗೆ ನಾನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತಿರುತ್ತೇನೆ. ಒಂದು ಸಲ ಲಂಪಾಂಗ್‌ನಿಂದ ಚಿಯಾಂಗ್‌ಮಾಯ್‌ವರೆಗೆ ಅವರು ಉಸಿರು ಬಿಡದೆ ಮಾತಾಡಿದರು. ಇಳಿಯುವ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ಇಬ್ಬರು ಅತಿಥಿಗಳಿಗೂ ಗಡ್ಡ ಬಂದಿತ್ತು. ಅವರಲ್ಲಿ ಒಬ್ಬರು ಹೆಂಗಸು.

ನಾನು ಲಂಪಾಂಗ್‌ನ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದವರ ವ್ಯಾನ್ ಓಡಿಸುತ್ತೇನೆ. ಹೆಸರು ಮೂನ್. ತಲೆ ನೆರೆತಿರುವುದರಿಂದ ಎಲ್ಲರಿಗೂ ಲುಂಗ್ ಮೂನ್, ಅಂದರೆ ಮೂನ್ ದೊಡ್ಡಪ್ಪ. ಶಾಲೆಗೆ ಹೋದದ್ದು ಮಧ್ಯಾಹ್ನದ ಊಟ ಕೊಡುತ್ತಿದ್ದಷ್ಟು ಕಾಲ ಮಾತ್ರ. ಮೇಷ್ಟ್ರುಗಳನ್ನು ನಮ್ಮಲ್ಲಿ ಆಚಾನ್ ಎಂದು ಕರೆಯುತ್ತಾರೆ. ಆಚಾರ್ಯ ಅನ್ನುವ ಮಾತು ಬಾಯಿಂದ ಬಾಯಿಗೆ ಸವೆದು ಹಾಗಾಗಿದೆಯಂತೆ. ವಿಚಿಯೆನ್ ವಿಷಯದಲ್ಲಿ ಸವೆದದ್ದು ಮಾತೊಂದೇ ಅಲ್ಲ.

ಅವರ ಕಸುಬು ಏನೆಂದು ನನಗೆ ಗೊತ್ತಾದದ್ದು ಸ್ಟಿಯರಿಂಗ್ ಹಿಂದೆ ಕೂತು ಕೇಳಿಯೇ. ಸತುವನ್ನು ಕುಲುಮೆಯಲ್ಲಿ ಕಾಯಿಸುತ್ತಾರೆ. ಅದು ಹಬೆಯಾಗಿ, ಗಾಳಿಯ ಜೊತೆ ಸೇರಿ ಭಸ್ಮವಾಗಿ, ಸಿಲಿಕಾನ್ ಬಿಲ್ಲೆಯ ಮೇಲೆ ಹುಲ್ಲಿನ ಹಾಗೆ ಬೆಳೆಯುತ್ತದೆ. ನನ್ನ ಕಣ್ಣಿಗೆ ಅದು ಬೂಷ್ಟು ಹಿಡಿದ ಬಿಲ್ಲೆ. ದೊಡ್ಡ ಯಂತ್ರದಲ್ಲಿ ನೋಡಿದರೆ ಮಾತ್ರ ಪೈರು ನಿಂತ ಗದ್ದೆ. ಒಂದು ಕೂದಲಿನ ಅಗಲದಲ್ಲಿ ಊರಿಗೆ ಊರೇ ಸುಗ್ಗಿ ಮಾಡುವಷ್ಟು ಪೈರು. ಆ ಎಸಳುಗಳ ಮೊನೆ ಎಷ್ಟು ಚೂಪೆಂದರೆ, ಎದುರಿಗೆ ವೋಲ್ಟು ಕೊಟ್ಟರೆ ಸಾಕು, ಬಿಸಿಯಿಲ್ಲ ಬೆಂಕಿಯಿಲ್ಲ, ಎಲೆಕ್ಟ್ರಾನುಗಳು ಅಲ್ಲಿಂದ ಸುಮ್ಮನೆ ನೆಗೆದುಬಿಡುತ್ತವೆ. ದಾರಿಯಲ್ಲಿ ಗಾಳಿ ಅಡ್ಡ ಬರಬಾರದೆಂದು ಬಿಲ್ಲೆಯನ್ನು ಒಂದು ಉಕ್ಕಿನ ಕೊಡದೊಳಗೆ ಇಟ್ಟು, ಪಂಪು ಹಚ್ಚಿ ಗಾಳಿಯನ್ನೆಲ್ಲ ಹೀರಿಬಿಡುತ್ತಾರೆ. ಬಿಲ್ಲೆಯ ಎದುರು ಪುಡಿ ಬಳಿದ ಗಾಜು. ಎಲೆಕ್ಟ್ರಾನು ಬಡಿದ ಕಡೆ ಗಾಜು ಹಸಿರಾಗಿ ಬೆಳಗುತ್ತದೆ. ಎಷ್ಟು ಕಡಿಮೆ ವೋಲ್ಟಿಗೆ ಬೆಳಗಿತೋ ಅಷ್ಟು ದೊಡ್ಡ ಹೆಸರು. ಮುಂದೆ ಇದರಿಂದ ಮೋಟಾರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುವಂಥ ಎಕ್ಸ್‌ರೇ ಪೆಟ್ಟಿಗೆ ಮಾಡಬಹುದಂತೆ. ಆಚಾನ್ ವಿಚಿಯೆನ್ ಅದನ್ನು ಆಗಲೇ ಮಾಡಿ, ಹಂಚಿ, ಬೆಟ್ಟದ ಜನರ ಕಾಲು ಮೂಳೆಗಳನ್ನೆಲ್ಲ ನೋಡಿ ಮುಗಿಸಿದವರ ಹಾಗೆ ಮಾತಾಡುತ್ತಿದ್ದರು.

ಹುಲ್ಲು ಬೆಳೆಯುತ್ತಿದ್ದವಳು ಬುಸಬಾ. ಫ್ರೇ ಕಡೆಯ ಹುಡುಗಿ, ಅವರ ಕೈಕೆಳಗೆ ಡಾಕ್ಟರೇಟ್ ಮಾಡುತ್ತಿದ್ದಳು. ಮಾತು ಕಡಿಮೆ, ಊಟ ಇನ್ನೂ ಕಡಿಮೆ. ಅವಳ ಊರಿನ ಕಾಲೇಜಿನವರು ಒಂದು ಮೇಷ್ಟ್ರ ಕೆಲಸವನ್ನು ಅವಳಿಗೆಂದೇ ಹಿಡಿದಿಟ್ಟಿದ್ದರು. ಹೊಸ ವರ್ಷದ ನೀರಿನ ಹಬ್ಬ ಕಳೆಯುವುದರೊಳಗೆ ಡಿಗ್ರಿಗೆ ಸಹಿ ಬಿದ್ದರೆ ಕೆಲಸ ಅವಳದು, ಇಲ್ಲವಾದರೆ ಬೇರೆಯವರದು. ಆ ಒಂದು ಸಹಿಗಾಗಿ ಅವಳು ಕುಲುಮೆಯ ಮುಂದೆ ಕೂತು ಕೂತು ಅರ್ಧ ಬೆಂದಿದ್ದಳು.

ಹಳೆಯ ಕೊಡದಲ್ಲಿ ಅವಳ ಹುಲ್ಲು ಬೆಳಗುತ್ತಿತ್ತು, ಆದರೆ ಮಂಕಾಗಿ, ಅದೂ ಸಿಕ್ಕಾಪಟ್ಟೆ ವೋಲ್ಟು ಕುಡಿದ ಮೇಲೆ. ಕೊಡ ಎಲ್ಲೆಲ್ಲೋ ಸೋರುತ್ತಿತ್ತು. ಅದಕ್ಕೆ ಹೊಸ ಕೊಡ ಬಂತು, ಜರ್ಮನಿಯಿಂದ. ಹೊಸದು ಬಂದರೆ ಬೊಟ್ಟು ಇಡಿಸಬೇಕಲ್ಲ. ನಮ್ಮಲ್ಲಿ ಕಾರು, ದೋಣಿ, ಅಂಗಡಿಯ ಬೋರ್ಡು, ಏನೇ ಬರಲಿ, ಭಿಕ್ಷುಗಳನ್ನು ಕರೆಸಿ ಗಂಧದ ನೀರಲ್ಲಿ ಕಲಸಿದ ಬಿಳಿ ಹಿಟ್ಟಿನ ಬೊಟ್ಟು ಇಡಿಸಿ ಚಿನ್ನದ ರೇಕು ಹಚ್ಚಿಸುತ್ತೇವೆ. ನಾನೂ ನನ್ನ ವ್ಯಾನಿಗೆ ಮಾಡಿಸಿದ್ದೇನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ವಿಚಿಯೆನ್ ಅವರದು ಬೇರೆ ಲೆಕ್ಕ. ತರಗತಿಯಲ್ಲಿ ಮರಕ್ಕೆ ಬಟ್ಟೆ ಸುತ್ತುವ ಹಳ್ಳಿಯವರನ್ನು ಆಡಿಕೊಂಡು ನಗುತ್ತಾರೆ. ಅವರ ಸ್ವಂತ ಕಾರಿನ ಚಾವಣಿಯಲ್ಲಿ ಮಾತ್ರ ಬೊಟ್ಟಿನ ಮೇಲೆ ಬೊಟ್ಟು ಬಿದ್ದು, ಕೂತವರ ತಲೆ ತಾಗುವಷ್ಟು ದಪ್ಪ ಕಟ್ಟಿದೆ.

ಲುವಾಂಗ್ ಪೊ ಇಂತಾ ಅವರನ್ನು ಕರೆತಂದದ್ದು ನಾನೇ. ಹೆಸರು ಇಂತಾ, ಲುವಾಂಗ್ ಪೊ ಅಂದರೆ ಪೂಜ್ಯ ತಂದೆ. ನಮ್ಮ ಬೀದಿಯ ವಿಹಾರದ ಹಿರಿಯ ಭಿಕ್ಷು, ಸಿಡುಕಿನ ಮನುಷ್ಯ. ಮಧ್ಯಾಹ್ನದೊಳಗೆ ಊಟ ಮುಗಿಸಬೇಕು, ಆಮೇಲೆ ಅವರು ಏನೂ ತಿನ್ನುವಂತಿಲ್ಲ, ಹಾಗಾಗಿ ಕಣ್ಣು ಸದಾ ಗಡಿಯಾರದ ಮೇಲೆ. ಅವರು ಕೊಡದ ಹೊರಮೈಗೆ ಬೊಟ್ಟು ಇಡಲು ಬೆರಳು ಎತ್ತಿದರು. ವಿಚಿಯೆನ್ ತಡೆದು, ಹೊರಗೆ ಬೇಡ, ಕೆಲಸ ನಡೆಯುವುದು ಒಳಗೆ, ಬಿಲ್ಲೆ ಕೂರುವ ಪೀಠಕ್ಕೇ ಹಚ್ಚಬೇಕು ಎಂದರು. ಒಳಗೆ ಬೆರಳು ಕೂಡ ತಾಕಿಸಬಾರದು ಎಂದು ಬುಸಬಾ ಮೆಲ್ಲಗೆ ಹೇಳಿದಳು. ವಿಚಿಯೆನ್ ಅವಳ ಕಡೆ ತಿರುಗಲೂ ಇಲ್ಲ.

ಲುವಾಂಗ್ ಪೊ ಕೊಡದೊಳಗೆ ಬಗ್ಗಿ ನೋಡಿ ಗೊಣಗಿದರು. "ಅನ್ನದ ಕುಕ್ಕರಿಗೂ ನಾನು ಬೊಟ್ಟು ಇಟ್ಟಿದ್ದೀನಪ್ಪ. ಒಳಗಡೆಗೆ ಇಡಿ ಅಂತ ಯಾರೂ ಕೇಳಿರ್ಲಿಲ್ಲ."

ಆದರೂ ಗಡಿಯಾರ ನೋಡಿ, ಪೀಠದ ಅಂಚಿಗೆ ಬೊಟ್ಟು ಇಟ್ಟು ರೇಕು ಒತ್ತಿ, ಊಟಕ್ಕೆ ಹೊರಟರು. ಮುಚ್ಚಳ ಹಾಕಿ ಪಂಪು ಹಚ್ಚಿದರೆ, ಬೊಟ್ಟಿನ ಗಂಧದ ನೀರು ಕುಡಿದ ಪಂಪು ಕೆಮ್ಮಿದ ಕೆಮ್ಮಿಗೆ ಊರಾಚೆಯ ಆನೆಗಳು ತಿರುಗಿ ನೋಡಿದವು.

ಮಾರನೆಯ ದಿನ ವೋಲ್ಟು ಕೊಟ್ಟರು. ಹಳೆಯ ಕೊಡದಲ್ಲಿ ಬೇಕಾಗುತ್ತಿದ್ದದ್ದರ ಕಾಲುಭಾಗವೂ ಕೊಟ್ಟಿರಲಿಲ್ಲ, ಗಾಜಿನ ಮೇಲೆ ಒಂದು ಚುಕ್ಕೆ ಫಳಕ್ ಎಂದು ಬೆಳಗಿತು. ಒಂದೇ ಚುಕ್ಕೆ, ಆದರೆ ಬೆಳಗಿನ ಜಾವದ ಚುಕ್ಕಿಯ ಹಾಗೆ. ಚುಕ್ಕೆ ಬಂದ ಕೂಡಲೇ ವೋಲ್ಟು ನಿಲ್ಲಿಸಲೇಬೇಕು. ಇನ್ನೂ ಏರಿಸಿದರೆ ಆ ಜಾಗದಲ್ಲಿ ಗಾಜು ಸುಟ್ಟುಹೋಗುತ್ತದೆ. ನಿಲ್ಲಿಸಿದರು, ಅಂಕಿ ಬರೆದುಕೊಂಡರು, ವಿಚಿಯೆನ್ ಮೀಸೆ ತಿರುವಿದರು. ಅಲ್ಲಿಯವರೆಗೆ ಮೀಸೆ ಇರಲಿಲ್ಲ, ತಿರುವಲೆಂದೇ ಆ ವಾರ ಬೆಳೆಸಿದ್ದು.

ಆಮೇಲೆ ಏನು ಕೇಳುತ್ತೀರಿ. ವಿದೇಶದ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಇಷ್ಟು ಕಡಿಮೆ ವೋಲ್ಟಿಗೆ ಬೆಳಗಿದ ಸತುವಿನ ಹುಲ್ಲು ಎಲ್ಲೂ ಇಲ್ಲವೆಂದು ಅದರಲ್ಲಿ ವಿಚಿಯೆನ್ ಬರೆದಿದ್ದರು, ಬುಸಬಾಳ ಹೆಸರು ಕೆಳಗೆಲ್ಲೋ ಇತ್ತು. ಕಟ್ಟಡದ ಮುಂದೆ ಅವರ ಮುಖವೂ ಆ ವೋಲ್ಟಿನ ಅಂಕಿಯೂ ಇದ್ದ ಬ್ಯಾನರ್ ಏರಿತು. ಮೂಗೊಂದೇ ಎರಡು ಮಹಡಿ. ಮೂಗಿನ ಹೊಳ್ಳೆಯ ಎದುರಿನ ಕೋಣೆಯವರು ಬೆಳಕಿಲ್ಲದೆ ಹಗಲಲ್ಲೇ ದೀಪ ಹಾಕಿಕೊಂಡರು. ಕೊಡದೊಳಗಿನ ಚಿನ್ನವನ್ನು ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಕಾಣಿಕೆಗೆಂದು ಹಚ್ಚಿದ ಚಿನ್ನವನ್ನು ಕೆರೆಯುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ, ಹಾಗಾಗಿ ಅಪ್ಪಣೆಯ ಅಗತ್ಯವೂ ಇರಲಿಲ್ಲ.

ಬುಸಬಾಳೊಬ್ಬಳಿಗೆ ಖುಷಿಯಾಗಲಿಲ್ಲ. ಚುಕ್ಕೆ ಯಾವಾಗಲೂ ಒಂದೇ ಜಾಗದಲ್ಲಿ ಬರುತ್ತಿತ್ತು. ಒಳ್ಳೆಯ ಹುಲ್ಲಿನ ಬಿಲ್ಲೆ ಇಟ್ಟರೂ ಅಲ್ಲೇ, ಕುಲುಮೆಯಲ್ಲಿ ಕೆಟ್ಟುಹೋದ ಹುಲ್ಲು ಇಟ್ಟರೂ ಅಲ್ಲೇ. ಕೊನೆಗೆ ಅವಳು ಹುಲ್ಲೇ ಇಲ್ಲದ ಬೋಳು ಬಿಲ್ಲೆ ಇಟ್ಟಳು. ಅದೇ ಚುಕ್ಕೆ, ಅದೇ ಜಾಗ, ಅದೇ ವೋಲ್ಟು. ಫೋಟೊ ತೆಗೆದಿಟ್ಟುಕೊಂಡಳು. ಆಮೇಲೆ ಕೊಡದ ಪಕ್ಕದ ಸಣ್ಣ ಕಿಟಕಿಗೆ ದುರ್ಬೀನು ಹಿಡಿದು, ವೋಲ್ಟು ಮೆಲ್ಲಗೆ ಏರಿಸುತ್ತ ನೋಡಿದಳು. ಪೀಠದ ಅಂಚಿನಲ್ಲಿ ಮಲಗಿದ್ದ ರೇಕಿನ ಹರಕು ತುದಿ, ಹಾವು ಹೆಡೆ ಎತ್ತಿದ ಹಾಗೆ ಎದ್ದು ನಿಂತಿತಂತೆ. ವೋಲ್ಟು ಇಳಿಸಿದರೆ ಮತ್ತೆ ಮಲಗಿತಂತೆ. ಮುಚ್ಚಳ ತೆಗೆದಾಗ ಅದು ಮಲಗೇ ಇರುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚಿನ್ನದ ರೇಕು ಎಷ್ಟು ತೆಳ್ಳಗೆ ಅಂದರೆ ಅದರ ಅಂಚೇ ಒಂದು ಕತ್ತಿ. ಬೆಳಗುತ್ತಿದ್ದದ್ದು ಸತುವಿನ ಹುಲ್ಲಲ್ಲ, ಲುವಾಂಗ್ ಪೊ ಒತ್ತಿದ ಚಿನ್ನ.

ಇದನ್ನು ಅವಳು ವಿಚಿಯೆನ್‌ಗೆ ಹೇಳಿದ್ದು ನನ್ನ ವ್ಯಾನಿನಲ್ಲೇ, ಸಭೆಯೊಂದಕ್ಕೆ ಹೋಗುವಾಗ. ಗಾಜು ಆಗಲೇ ಮಂಜು ಕಟ್ಟಿತ್ತು. ಬೋಳು ಬಿಲ್ಲೆಯೂ ಬೆಳಗಿತು ಎಂದಾಗ ಅವರು, ಹಿಂದಿನ ಬಿಲ್ಲೆಗಳಿಂದ ಹುಲ್ಲು ಉದುರಿ ಅಲ್ಲಿ ಬಿದ್ದಿರಬೇಕು ಎಂದರು. ರೇಕು ಎದ್ದು ನಿಲ್ಲುತ್ತದೆ ಎಂದಾಗ, ಕಣ್ಣಿನ ಡಾಕ್ಟರಿಗೆ ತೋರಿಸಿಕೋ ಎಂದರು. ರೇಕು ತೆಗೆದು ಒಂದೇ ಒಂದು ಸಲ ನೋಡೋಣ ಎಂದು ಅವಳು ಕೇಳಿಕೊಂಡಾಗ ಮಾತ್ರ ದನಿ ಬದಲಾಯಿತು.

"ನೋಡು ಬುಸಬಾ," ಎಂದರು. "ಆ ಚಿನ್ನ ತೆಗೆದ ಮೇಲೆ ನಿನ್ನ ಹುಲ್ಲು ಬೆಳಗದೇ ಹೋದ್ರೆ ನಿನ್ನ ಹತ್ರ ಏನಿರುತ್ತೆ? ಲೇಖನ ನನ್ನದು, ನಾನು ಬದುಕ್ಕೋತೀನಿ. ಡಿಗ್ರಿ ನಿಂದು. ಸುಮ್ನೆ ಅಂಕಿ ಬರಿ, ಸಹಿ ಹಾಕಿಸ್ಕೋ, ಊರಿಗೆ ಹೋಗು."

ನಾನು ಕನ್ನಡಿಯಲ್ಲಿ ನೋಡಿದೆ, ಅವಳ ಮುಖ ಸುಟ್ಟ ಬದನೆಕಾಯಿಯ ಹಾಗಿತ್ತು. ಅವರು ಹೇಳಿದ್ದರಲ್ಲಿ ಒಂದು ಮಾತಂತೂ ನಿಜ. ಹೊಸ ಕೊಡದಲ್ಲಿ ಅವಳ ಹುಲ್ಲು ಏನು ಮಾಡುತ್ತದೆಂದು ಯಾರೂ ನೋಡಿರಲೇ ಇಲ್ಲ. ಚಿನ್ನ ಮೊದಲು ನುಗ್ಗಿ ಬೆಳಗುತ್ತಿತ್ತು, ಇವರು ವೋಲ್ಟು ನಿಲ್ಲಿಸುತ್ತಿದ್ದರು, ಹುಲ್ಲಿಗೆ ಸರದಿಯೇ ಬರುತ್ತಿರಲಿಲ್ಲ.

ಡಿಗ್ರಿಯ ಪರೀಕ್ಷೆಗೆ ಬ್ಯಾಂಕಾಕಿನಿಂದ ಆಚಾನ್ ಓರಾಪಿನ್ ಬರುತ್ತಾರೆಂದು ಗೊತ್ತಾಯಿತು. ವಯಸ್ಸಾದ ಹೆಂಗಸು, ಇದೇ ಕಸುಬಿನಲ್ಲಿ ಹಣ್ಣಾದವರು. ಸಹಿ ಹಾಕಬೇಕಾದದ್ದು ಅವರು. ಹುಲ್ಲು ಬೆಳಗುವುದನ್ನು ಕಣ್ಣಾರೆ ನೋಡಬೇಕೆಂದು ಮೊದಲೇ ಹೇಳಿಕಳಿಸಿದ್ದರು. ವಿಚಿಯೆನ್ ಖುಷಿಯಿಂದ ಹಿಗ್ಗಿ, ಪರೀಕ್ಷೆಯ ಹಿಂದಿನ ದಿನ ಮತ್ತೊಂದು ಸುತ್ತು ಚಿನ್ನ ಹಚ್ಚಿಸಬೇಕೆಂದರು. ಒಂದು ರೇಕಿಗೆ ಒಂದು ಚುಕ್ಕೆ ಬಂದರೆ ಕಟ್ಟುಗಟ್ಟಲೆ ರೇಕಿಗೆ ಎಷ್ಟು ಬರಬಹುದು ಎಂದು ಒಳಗೊಳಗೇ ಲೆಕ್ಕ ಹಾಕಿದ್ದರೋ ಏನೋ, ನನಗಂತೂ ಅನುಮಾನ.

ಆ ದಿನ ಬೆಳಗ್ಗೆ ಬುಸಬಾ ನನ್ನ ಹತ್ತಿರ ಬಂದು, ಲುಂಗ್, ಲುವಾಂಗ್ ಪೊ ಅವರನ್ನು ಕರೆತರಲು ನಾನೂ ಬರುತ್ತೇನೆ ಎಂದಳು. ವಿಹಾರದ ಅಂಗಳದಲ್ಲಿ ಕೈ ಮುಗಿದು ಕೂತು ಎಲ್ಲವನ್ನೂ ಹೇಳಿದಳು. ಕಿಟಕಿ, ದುರ್ಬೀನು, ಹೆಡೆ ಎತ್ತುವ ರೇಕು, ಫ್ರೇ ಊರಿನ ಕೆಲಸ, ಯಾವುದನ್ನೂ ಬಿಡಲಿಲ್ಲ. ಆಮೇಲೆ, ಒಳಗಿನ ಚಿನ್ನ ಒರೆಸಿದರೆ ಪಾಪ ಬರುತ್ತದೆಯೇ ಎಂದು ಕೇಳಿದಳು.

ಲುವಾಂಗ್ ಪೊ ಬಹಳ ಹೊತ್ತು ಕಿವಿ ಕೆರೆದುಕೊಂಡರು.

"ನಂಗೆ ನಿನ್ನ ಹುಲ್ಲೂ ಗೊತ್ತಿಲ್ಲ, ಓಲ್ಟೂ ಗೊತ್ತಿಲ್ಲ. ಒಳಗೆ ಹಚ್ಚೋದು ಬೇಡ ಅಂತ ಅವತ್ತೇ ಅನ್ನಿಸ್ತು, ಹಸಿವಾಗಿತ್ತು, ಹಚ್ಚಿಬಿಟ್ಟೆ. ಒರೆಸ್ಕೋ ಮಗಳೇ. ಒರೆಸಿದ್ದನ್ನ ಬೋಧಿ ಮರದ ಬುಡಕ್ಕೆ ಹಾಕು. ಆದ್ರೆ ಬೇಗ ಒರೆಸು, ಇವತ್ತು ಯಾರೋ ಮೀನಿನ ಸಾರು ತರ್ತೀನಿ ಅಂದಿದ್ದಾರೆ."

ಅವಳು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಪೀಠ ಒರೆಸಿದಳು. ಹತ್ತಿಯ ಮೇಲೆ ಬಂದ ಚಿನ್ನ ಹಲ್ಲಿಗೆ ಸಿಕ್ಕ ಸೊಪ್ಪಿನ ಚೂರಿನಷ್ಟೂ ಇರಲಿಲ್ಲ. ಇಷ್ಟಕ್ಕೆ ಎರಡು ಮಹಡಿಯ ಮೂಗು. ತನ್ನ ಹುಲ್ಲಿನ ಬಿಲ್ಲೆಯನ್ನು ಪೀಠದ ಮೇಲಿಟ್ಟು, ಮುಚ್ಚಳ ಹಾಕಿ, ಪಂಪು ಹಚ್ಚಿದಳು. ಲುವಾಂಗ್ ಪೊ ಹೊಸ ರೇಕುಗಳನ್ನೆಲ್ಲ ಕೊಡದ ಹೊರಮೈಗೆ, ನಡುಮಧ್ಯೆ, ಎದ್ದು ಕಾಣುವಂತೆ ಒತ್ತಿದರು. ವಿಚಿಯೆನ್ ಬಂದದ್ದು ಆಮೇಲೆ. ಒಳಗೂ ಹಚ್ಚಿದ್ದಾರೆಂದೇ ಅವರು ತಿಳಿದರು. ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ಅವರಿಗಿಲ್ಲ.

ಪರೀಕ್ಷೆಯ ದಿನ ಆಚಾನ್ ಓರಾಪಿನ್ ಅವರನ್ನು ವಿಮಾನ ನಿಲ್ದಾಣದಿಂದ ಕರೆತಂದೆ. ವಿಚಿಯೆನ್ ದಾರಿಯುದ್ದಕ್ಕೂ ಮಾತಾಡಿದರು. ಆಕೆ ಕಣ್ಣು ಮುಚ್ಚಿಕೊಂಡು, ನಿದ್ದೆಯೋ ಜಾಣತನವೋ, ಗಡ್ಡ ಬರದ ಹಾಗೆ ಪಾರಾದರು. ನಾನು ತಿಂಡಿಯ ಡಬ್ಬಿಗಳನ್ನು ಹೊತ್ತು ಅವರ ಹಿಂದೆಯೇ ಪ್ರಯೋಗಶಾಲೆಗೆ ಹೋದೆ. ಪರೀಕ್ಷಕರಿಗೆ ವಿದ್ಯಾರ್ಥಿಯೇ ತಿಂಡಿ ಕೊಡುವುದು ನಮ್ಮಲ್ಲಿ ರೂಢಿ. ಬುಸಬಾ ಬಾಳೆಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಕಡುಬು ತರಿಸಿದ್ದಳು. ಡಬ್ಬಿ ಇಳಿಸಲು ಜಾಗ ಹುಡುಕುವ ನೆಪದಲ್ಲಿ ನಾನು ಮೂಲೆಯಲ್ಲೇ ನಿಂತೆ.

ಪರದೆ ಎಳೆದು ಕತ್ತಲೆ ಮಾಡಿದರು. ವೋಲ್ಟಿನ ಗುಬುಟು ವಿಚಿಯೆನ್ ಕೈಯಲ್ಲೇ. ಬ್ಯಾನರಿನಲ್ಲಿ ಬರೆಸಿದ್ದ ಅಂಕಿಗೆ ತಂದು, ನೋಡಿ ಎಂದರು. ಗಾಜು ಕಪ್ಪಗಿತ್ತು. ಕೆಮ್ಮಿ, ಇನ್ನೊಂದು ಚೂರು ತಿರುಗಿಸಿದರು. ಕಪ್ಪು. ತಂತಿ ಸಡಿಲವಾಗಿರಬೇಕೆಂದು ತಂತಿ ಅಲುಗಿಸಿದರು, ಕೊಡದ ಹೊಟ್ಟೆಗೆ ಎಮ್ಮೆಗೆ ತಟ್ಟಿದ ಹಾಗೆ ತಟ್ಟಿದರು. ಕತ್ತಲೆಯಲ್ಲಿ ಅವರ ಬೆವರು ನೆಲಕ್ಕೆ ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು, ಆಣೆಗೂ.

ಬುಸಬಾ ಮುಂದೆ ಬಂದಳು. "ಆಚಾನ್, ನಾನು ತಿರುಗಿಸ್ಲಾ?"

ಅವರು ಬೇಡ ಎನ್ನುವ ಮೊದಲೇ ಆಚಾನ್ ಓರಾಪಿನ್, ಹುಲ್ಲು ಅವಳದು ತಾನೆ, ಅವಳೇ ತಿರುಗಿಸಲಿ ಎಂದರು.

ಅವಳು ನಿಧಾನವಾಗಿ ಏರಿಸಿದಳು. ಬ್ಯಾನರಿನ ಅಂಕಿಯ ಎರಡರಷ್ಟಾಯಿತು, ಕಪ್ಪು. ಇನ್ನೂ ಏರಿತು, ಕಪ್ಪೇ. ಕುಲುಮೆಯ ಮುಂದೆ ಬೆಂದ ವರ್ಷಗಳೆಲ್ಲ ಆ ಗುಬುಟಿನ ತುದಿಯಲ್ಲಿದ್ದವು. ಫ್ರೇ ಊರಿನ ಕೆಲಸ ಜಾರಿ ಹೋಯಿತೆಂದೇ ನಾನೂ ಅಂದುಕೊಂಡೆ.

ಆಮೇಲೆ ಗಾಜು ಹಸಿರಾಯಿತು. ಚುಕ್ಕೆಯಲ್ಲ. ಬಿಲ್ಲೆ ಎಷ್ಟಗಲವೋ ಅಷ್ಟಗಲ, ಈ ಅಂಚಿನಿಂದ ಆ ಅಂಚಿನವರೆಗೆ, ನಾಟಿ ಮಾಡಿದ ಗದ್ದೆ ಹಸಿರಾಗುವ ಹಾಗೆ ಒಂದೇ ಸಮ. ಬೆಳಕು ಅಷ್ಟೇನೂ ಜೋರಿರಲಿಲ್ಲ. ಆದರೆ ಎಲ್ಲೂ ತೂತಿರಲಿಲ್ಲ.

ಆಚಾನ್ ಓರಾಪಿನ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಗಾಜಿನ ಹತ್ತಿರ ಬಗ್ಗಿದರು. ಇಷ್ಟು ಸಮನಾಗಿ ಬೆಳಗಿದ್ದನ್ನು ತಾನು ಅಪರೂಪಕ್ಕೆ ನೋಡಿರುವುದು ಎಂದರು. ಹಾಗಾದರೆ ಲೇಖನದಲ್ಲಿ ಬರೆದಿರುವ ಆ ಕಡಿಮೆ ವೋಲ್ಟಿನ ಚುಕ್ಕೆ ಯಾವುದು ಎಂದೂ ಕೇಳಿದರು.

ಬುಸಬಾ ದೀಪ ಹಾಕಿ, ಬೋಳು ಬಿಲ್ಲೆಯ ಫೋಟೊಗಳನ್ನು ಮುಂದಿಟ್ಟಳು. "ಅದು ಚಿನ್ನದ್ದು, ಆಚಾನ್. ಪೀಠಕ್ಕೆ ರೇಕು ಹಚ್ಚಿಸಿದ್ರು. ನಿನ್ನೆ ನಾನೇ ಒರೆಸಿ ತೆಗೆದೆ. ನನ್ನ ಹುಲ್ಲಿನ ಅಂಕಿ ಈಗ ನೀವು ನೋಡಿದ್ದು, ಅಷ್ಟೇ."

ನಾನು ವಿಚಿಯೆನ್ ಮುಖ ನೋಡಿದೆ. ನೆಲ ಬಾಯಿ ಬಿಟ್ಟರೆ ಸಾಕೆಂದು ನಿಲ್ಲುವವರು ಇರುತ್ತಾರೆ. ಇವರು ಆ ಜಾತಿಯಲ್ಲ. ಒಂದು ಗುಟುಕು ನೀರು ಕುಡಿದರು, ಅಷ್ಟರಲ್ಲಿ ಮುಖ ಹೊಸದಾಗಿತ್ತು. ನಗುನಗುತ್ತ, ಶಿಷ್ಯರು ತಾವಾಗಿಯೇ ತಪ್ಪು ಹುಡುಕಲಿ ಎಂದು ತಾನು ಕಾಯುವವನು, ಒರೆಸಿ ನೋಡು ಎಂಬ ಪಾಠ ತನ್ನದೇ, ಪ್ರಯೋಗಶಾಲೆಯ ಶುಚಿಯ ಬಗ್ಗೆ ತಾನು ಎಷ್ಟು ಕಟ್ಟುನಿಟ್ಟೆಂದು ಇವಳನ್ನೇ ಕೇಳಿ ಎಂದರು. ಗೋಸುಂಬೆಗೂ ಬಣ್ಣ ಬದಲಿಸಲು ಸ್ವಲ್ಪ ಹೊತ್ತು ಬೇಕು.

ಬುಸಬಾ ಅವರ ಕಡೆಗೆ ತಿರುಗಿ ತಲೆಬಾಗಿ ಕೈ ಮುಗಿದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಹೌದು, ಎಲ್ಲಾ ಆಚಾನ್ ಅವರೇ ಕಲಿಸಿದ್ದು. ಆ ಲೇಖನ ವಾಪಸ್ ತಗೋತೀವಿ ಅಂತ ಪತ್ರಿಕೆಯವ್ರಿಗೂ ಅವರೇ ಬರೀತಾರೆ. ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಕು ಅಂತಾನೇ ಇಷ್ಟು ದಿನ ಕಾದ್ರು, ಅಲ್ವಾ ಆಚಾನ್?"

ವಿಚಿಯೆನ್ ಬಾಯಿ ತೆರೆದರು. ನಾನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ, ಆ ಬಾಯಿ ತೆರೆದದ್ದು ಏನೂ ಆಚೆ ಬಿಡದೆ ಮುಚ್ಚಿತು.

ಆಚಾನ್ ಓರಾಪಿನ್ ಬಹಳ ಮೆಚ್ಚಿಕೊಂಡವರ ಹಾಗೆ ತಲೆದೂಗಿದರು. ಇಂಥ ಮೇಷ್ಟ್ರು ಸಿಗುವುದು ಪುಣ್ಯ ಎಂದರು. ಪ್ರಬಂಧದಲ್ಲಿ ಚುಕ್ಕೆಯ ಅಧ್ಯಾಯ ತೆಗೆದು, ಚಿನ್ನದ ವಿಷಯ ಇದ್ದದ್ದು ಇದ್ದ ಹಾಗೆ ಬರೆಯಬೇಕು, ಅದಕ್ಕೆ ಒಂದು ವಾರ ಸಾಕು, ನೀರಿನ ಹಬ್ಬಕ್ಕೆ ಮೊದಲೇ ಮುಗಿಯುತ್ತದೆ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ನನ್ನ ವಿಮಾನ ಸಂಜೆಗೆ. ಆಚಾನ್ ಈಗಲೇ ಇಲ್ಲೇ ಕೂತು ಪತ್ರಿಕೆಗೆ ಬರೆದು ಕಳಿಸ್ಲಿ. ಕಳಿಸಿದ್ದನ್ನ ನೋಡಿ ಇವಳ ಕಾಗದಕ್ಕೆ ಸಹಿ ಹಾಕೇ ಹೋಗ್ತೀನಿ. ಲುಂಗ್, ಆ ಡಬ್ಬಿಯಲ್ಲಿ ಏನಿದೆ?"

ಕಡುಬಿದೆ ಎಂದೆ. ತೆಗೆದು ಕೊಟ್ಟೆ.

ವಿಚಿಯೆನ್ ಕಂಪ್ಯೂಟರಿನ ಮುಂದೆ ಕೂತರು. ಬೇರೆಯವರ ಕೈಲಿ ಟೈಪು ಮಾಡಿಸಿ ಅಭ್ಯಾಸವಾದವರು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿದ್ದರು. ತನ್ನ ತಪ್ಪು ಎಂದು ಬರೆಯುವ ಕಡೆ ಬೆರಳು ನಿಂತುಬಿಡುತ್ತಿತ್ತು. ಆಗೆಲ್ಲ ಬುಸಬಾ ಹಿಂದಿನಿಂದ ಬಗ್ಗಿ, ಬಹಳ ಮರ್ಯಾದೆಯಿಂದ, ಮುಂದಿನ ಅಕ್ಷರ ಎಲ್ಲಿದೆಯೆಂದು ತೋರಿಸುತ್ತಿದ್ದಳು. ಆಚಾನ್ ಓರಾಪಿನ್ ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟುಕೊಂಡು ಇನ್ನೊಂದು ಕಡುಬಿನ ಎಲೆ ಬಿಚ್ಚಿದರು. ಬುಸಬಾಗೂ ಒಂದು ಕೊಟ್ಟೆ. ಅವಳು ನಿಂತುಕೊಂಡೇ ಪೂರ್ತಿ ತಿಂದು, ಎರಡನೆಯದಕ್ಕೆ ಕೈ ಚಾಚಿದಳು.